ಹಿತ್ತಲ ಗಿಡ ಮಗುವಿನ ಹಲ್ಲಿಗೆ ಮದ್ದಾದೀತೇ?

ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಈಗ ಅದು ತಿರುಗುಮುರುಗಾದಂತಿದೆ. ಹಿತ್ತಲಲ್ಲಿ ಬೆಳೆದದ್ದೆಲ್ಲ ಮದ್ದು, ಬಾಟಲಿಯಲ್ಲಿ ಬಂದದ್ದೆಲ್ಲ ವಿಷ ಎಂದು ನಂಬುವವರು ಹೆಚ್ಚಾಗುತ್ತಿದ್ದಾರೆ. ಈ ನಂಬಿಕೆ ಮಕ್ಕಳ ದಂತವೈದ್ಯರ ಕೋಣೆಯ ತನಕವೂ ಬಂದಿದೆ. ಮಗುವಿನ ಹುಳುಕು ಹಲ್ಲಿಗೆ ರೂಟ್ ಕೆನಾಲ್ ಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದಾಗ ಹೆತ್ತವರಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಹೇಗೂ ಬಿದ್ದುಹೋಗುವ ಹಲ್ಲಿಗೆ ಇಷ್ಟೆಲ್ಲ ಏಕೆ? ಅದರೊಳಗೆ ಹಾಕುವ ರಾಸಾಯನಿಕ ಮಗುವಿಗೆ ಕೆಡುಕು ಮಾಡದೇ? ಅದರ ಬದಲು ಬೇವು, ತ್ರಿಫಲಾ, ಲೋಳೆಸರ ಇಂಥವುಗಳಿಂದ ಹಲ್ಲನ್ನು ಶುದ್ಧಮಾಡಬಾರದೇ?

ಇವು ಅರ್ಥವಿಲ್ಲದ ಪ್ರಶ್ನೆಗಳಲ್ಲ. ದಂತವೈದ್ಯ ವಿಜ್ಞಾನಿಗಳೂ ಇದೇ ಪ್ರಶ್ನೆಗಳನ್ನು ಹಿಡಿದುಕೊಂಡು ಹಲವು ವರ್ಷಗಳಿಂದ ಪ್ರಯೋಗ ನಡೆಸುತ್ತಿದ್ದಾರೆ. ಭಾರತದ ಸಂಶೋಧಕರ ಪಾಲು ಇದರಲ್ಲಿ ಸಣ್ಣದೇನಲ್ಲ. ಆದುದರಿಂದ ಈ ವಿಷಯವನ್ನು ಭಯವಿಲ್ಲದೆ, ಹಾಗೆಯೇ ಕುರುಡು ಅಭಿಮಾನವೂ ಇಲ್ಲದೆ ತಿಳಿದುಕೊಳ್ಳುವುದು ಒಳ್ಳೆಯದು.

ಬೀಳುವ ಹಲ್ಲಿಗೆ ಚಿಕಿತ್ಸೆ ಏಕೆ?

ಮಗುವಿಗೆ ಸುಮಾರು ಆರು ತಿಂಗಳಲ್ಲಿ ಮೊದಲ ಹಲ್ಲು ಮೂಡುತ್ತದೆ. ಮೂರು ವರ್ಷ ತುಂಬುವ ಹೊತ್ತಿಗೆ ಒಟ್ಟು 20 ಹಾಲುಹಲ್ಲುಗಳು ಬಂದಿರುತ್ತವೆ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳಲು ಆರಂಭವಾಗುತ್ತವೆ, ನಿಜ. ಆದರೆ ಅಗಿಯುವ ಹಿಂದಿನ ಹಾಲುಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದ ತನಕ ಬಾಯಿಯಲ್ಲಿರಬೇಕಾದವು. ಐದು ವರ್ಷದ ಮಗುವಿನ ದವಡೆ ಹಲ್ಲು ಕೆಟ್ಟರೆ, ಆ ಹಲ್ಲು ಇನ್ನೂ ಐದಾರು ವರ್ಷ ಕೆಲಸ ಮಾಡಬೇಕಾದ ಹಲ್ಲು ಎಂಬುದನ್ನು ನೆನಪಿಡಬೇಕು.

ಹಾಲುಹಲ್ಲು ಅಗಿಯುವುದಕ್ಕೆ ಮಾತ್ರವಲ್ಲ, ಮುಂದೆ ಬರುವ ಶಾಶ್ವತ ಹಲ್ಲಿಗೆ ಜಾಗ ಕಾಯ್ದಿಡುವುದಕ್ಕೂ ಬೇಕು. ಅದನ್ನು ಬೇಗನೆ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಆಮೇಲೆ ಬರುವ ಹಲ್ಲು ಜಾಗವಿಲ್ಲದೆ ಓರೆಯಾಗಿ ಹುಟ್ಟುತ್ತದೆ. ಕೀವು ತುಂಬಿದ ಹಲ್ಲನ್ನು ಹಾಗೆಯೇ ಬಿಟ್ಟರೂ ಅಪಾಯ ತಪ್ಪಿದ್ದಲ್ಲ. ಹಾಲುಹಲ್ಲಿನ ಬೇರುಗಳ ನಡುವೆಯೇ ಶಾಶ್ವತ ಹಲ್ಲಿನ ಮೊಳಕೆ ಬೆಳೆಯುತ್ತಿರುತ್ತದೆ. ಮೇಲಿನ ಸೋಂಕು ಅಲ್ಲಿಗೆ ತಲುಪಿದರೆ ಹೊಸ ಹಲ್ಲಿನ ಹೊರಕವಚದಲ್ಲಿ ಕಲೆ, ಕುಳಿ ಉಂಟಾಗಬಹುದು. ಸೋಂಕು ಮುಖಕ್ಕೆ ಹರಡಿ ಬಾವು ಬಂದರೆ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾದ ಪ್ರಸಂಗವೂ ಬರುತ್ತದೆ.

ಹುಳುಕು ಆಳಕ್ಕೆ ಹೋಗಿದ್ದರೂ ಬೇರಿನೊಳಗಿನ ದಂತಮಜ್ಜೆ ಆರೋಗ್ಯವಾಗಿದ್ದರೆ ಮೇಲ್ಭಾಗದ ಮಜ್ಜೆಯನ್ನು ಮಾತ್ರ ತೆಗೆದು ಮದ್ದು ಇಡುತ್ತಾರೆ. ಬೇರಿನ ಮಜ್ಜೆಯೂ ಸತ್ತು ಕೊಳೆತಿದ್ದರೆ ಅದನ್ನು ಪೂರ್ತಿ ತೆಗೆದು, ನಾಳವನ್ನು ತೊಳೆದು, ತುಂಬಬೇಕಾಗುತ್ತದೆ. ಮಕ್ಕಳ ರೂಟ್ ಕೆನಾಲ್ ಎಂದು ಸಾಮಾನ್ಯವಾಗಿ ನಾವು ಹೇಳುವುದು ಇದನ್ನೇ. ಬೇರು ಬಹಳ ಕರಗಿಹೋಗಿದ್ದರೆ ಹಲ್ಲು ಕೀಳುವುದೇ ಸರಿಯಾದ ದಾರಿ. ಯಾವುದು ತಕ್ಕದ್ದು ಎಂಬುದನ್ನು ಎಕ್ಸ್‌ರೇ ನೋಡಿ ವೈದ್ಯರು ತೀರ್ಮಾನಿಸುತ್ತಾರೆ.

ತೊಳೆಯುವುದೇ ದೊಡ್ಡ ಕೆಲಸ

ರೂಟ್ ಕೆನಾಲ್ ಎಂದರೆ ಸೂಜಿಯಂಥ ಉಪಕರಣದಿಂದ ನಾಳವನ್ನು ಕೆರೆಯುವುದು ಎಂದು ಹಲವರು ತಿಳಿದಿದ್ದಾರೆ. ಅದು ಅರ್ಧ ಕೆಲಸ ಮಾತ್ರ. ಮಕ್ಕಳ ದವಡೆ ಹಲ್ಲಿನ ನಾಳಗಳು ನೇರ ಕೊಳವೆಯಂತಿರುವುದಿಲ್ಲ. ಅವು ಲಾಡಿಯಂತೆ ಚಪ್ಪಟೆ, ಬೇರಿನೊಂದಿಗೆ ಬಾಗಿದವು, ಅಕ್ಕಪಕ್ಕ ಸಣ್ಣ ಕವಲುಗಳುಳ್ಳವು. ಉಪಕರಣ ತಲುಪದ ಮೂಲೆಗಳು ಬಹಳ. ಅಲ್ಲಿ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಂಡು, ಲೋಳೆಯ ಪದರ ಹೊದ್ದುಕೊಂಡು ಕೂತಿರುತ್ತವೆ. ಬಾವಿಯ ಗೋಡೆಗೆ ಹಿಡಿದ ಪಾಚಿಯನ್ನು ಬರಿಯ ನೀರು ಎರಚಿ ತೆಗೆಯಲಾಗದು. ಈ ಪದರವೂ ಹಾಗೆಯೇ. ಎಂಟರೋಕಾಕಸ್ ಫೀಕಾಲಿಸ್ ಎಂಬ ಒಂದು ಬ್ಯಾಕ್ಟೀರಿಯಾವಂತೂ ವಿಫಲವಾದ ರೂಟ್ ಕೆನಾಲ್‌ಗಳಲ್ಲಿ ಮತ್ತೆ ಮತ್ತೆ ಸಿಗುವ ಹಟಮಾರಿ.

ಆದುದರಿಂದ ನಾಳದೊಳಗೆ ಹಾಯಿಸುವ ದ್ರವಕ್ಕೆ ಹಲವು ಗುಣಗಳು ಬೇಕು. ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲಬೇಕು. ಕೊಳೆತ ಮಜ್ಜೆಯನ್ನು ಕರಗಿಸಬೇಕು. ಕೆರೆದಾಗ ಗೋಡೆಗೆ ಮೆತ್ತಿಕೊಳ್ಳುವ ಹುಡಿಯ ಪದರವನ್ನು ತೆಗೆಯಬೇಕು. ಇಷ್ಟು ಮಾಡಿಯೂ ಮಗುವಿನ ಎಳೆಯ ಅಂಗಾಂಶಕ್ಕೆ ನೋವು ಮಾಡಬಾರದು. ಈ ನಾಲ್ಕೂ ಗುಣಗಳು ಒಂದೇ ದ್ರವದಲ್ಲಿ ಪೂರ್ಣವಾಗಿ ಸಿಗುವುದಿಲ್ಲ. ಇಡೀ ಸಮಸ್ಯೆಯ ಮೂಲ ಇಲ್ಲಿದೆ.

ಹೈಪೋಕ್ಲೋರೈಟ್: ಗುಣವೂ ಉಂಟು, ದೋಷವೂ ಉಂಟು

ಲೋಕದಾದ್ಯಂತ ಹೆಚ್ಚು ಬಳಕೆಯಲ್ಲಿರುವುದು ಸೋಡಿಯಂ ಹೈಪೋಕ್ಲೋರೈಟ್. ಬಟ್ಟೆಯ ಕಲೆ ತೆಗೆಯುವ ಬ್ಲೀಚ್ ದ್ರವದಲ್ಲಿ ಇರುವುದು ಇದೇ. ಮಳೆಗಾಲದಲ್ಲಿ ನಾವು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದರ ಹತ್ತಿರದ ಬಂಧು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಹೆನ್ರಿ ಡೇಕಿನ್ ಎಂಬ ರಸಾಯನ ವಿಜ್ಞಾನಿ ಮತ್ತು ಅಲೆಕ್ಸಿಸ್ ಕ್ಯಾರೆಲ್ ಎಂಬ ಶಸ್ತ್ರವೈದ್ಯ ಸುಮಾರು ಶೇ. 0.5ರ ಹೈಪೋಕ್ಲೋರೈಟ್ ದ್ರಾವಣದಿಂದ ಸೈನಿಕರ ಕೊಳೆತ ಗಾಯಗಳನ್ನು ತೊಳೆದು ಅನೇಕರ ಕೈಕಾಲುಗಳನ್ನು ಉಳಿಸಿದರು. ಬಳಿಕ ಅದು ದಂತವೈದ್ಯಕ್ಕೂ ಬಂತು.

ಇದರ ದೊಡ್ಡ ಗುಣವೆಂದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವುದರ ಜೊತೆಗೆ ಸತ್ತ ಮಜ್ಜೆಯನ್ನೂ ಕರಗಿಸುವುದು. ಬೆಲೆಯೂ ಕಡಿಮೆ. ದೊಡ್ಡವರ ಹಲ್ಲಿಗೆ ಶೇ. 5ರಷ್ಟು ಗಾಢವಾದ ದ್ರಾವಣವನ್ನೂ ಬಳಸುತ್ತಾರೆ. ಮಕ್ಕಳ ಹಲ್ಲಿಗೆ ಶೇ. 1ರಷ್ಟು ತೆಳುವಾದುದನ್ನು ಬಳಸುವುದು ರೂಢಿ.

ದೋಷವೂ ಇಲ್ಲದಿಲ್ಲ. ಸತ್ತ ಅಂಗಾಂಶವನ್ನು ಕರಗಿಸುವ ದ್ರವ ಜೀವಂತ ಅಂಗಾಂಶವನ್ನೂ ಸುಡಬಲ್ಲದು. ಬೇರಿನ ತುದಿಯನ್ನು ದಾಟಿ ಹೊರಗೆ ಹರಿದರೆ ತಟ್ಟನೆ ಜೋರು ನೋವು, ಊತ, ಚರ್ಮ ಕಪ್ಪುನೀಲಿಯಾಗುವುದು ಉಂಟಾಗಬಹುದು. ಇಂಥ ಅವಘಡ ಅಪರೂಪ. ಆದರೆ ಮಕ್ಕಳಲ್ಲಿ ಹೆಚ್ಚಿನ ಎಚ್ಚರ ಬೇಕು. ಹಾಲುಹಲ್ಲು ಬೀಳುವ ಸಿದ್ಧತೆಯಲ್ಲಿ ಅದರ ಬೇರು ತಾನಾಗಿಯೇ ಕರಗುತ್ತಾ ಬರುತ್ತದೆ, ತುದಿ ತೆರೆದುಕೊಂಡಿರುತ್ತದೆ, ಅದರ ಕೆಳಗೆ ಹೊಸ ಹಲ್ಲಿನ ಮೊಳಕೆ ಇರುತ್ತದೆ. ಇದರ ಮೇಲೆ ಕ್ಲೋರಿನ್ ವಾಸನೆ, ಕೆಟ್ಟ ರುಚಿ. ಮಗು ಮುಖ ತಿರುಗಿಸಿ ಅಳುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ರಾಸಾಯನಿಕ ಕ್ಲೋರ್‌ಹೆಕ್ಸಿಡಿನ್. ಬಾಯಿ ಮುಕ್ಕಳಿಸುವ ದ್ರವವಾಗಿ ನಮಗೆ ಪರಿಚಿತ. ಬ್ಯಾಕ್ಟೀರಿಯಾ ವಿರುದ್ಧ ಒಳ್ಳೆಯದೇ, ಆದರೆ ಮಜ್ಜೆಯನ್ನು ಕರಗಿಸದು. ಕೆಲವರಿಗೆ ಅಪರೂಪವಾಗಿ ಅಲರ್ಜಿ ತರುತ್ತದೆ. ಹೈಪೋಕ್ಲೋರೈಟ್‌ನೊಂದಿಗೆ ಬೆರೆತರೆ ಕಂದು ಬಣ್ಣದ ಗಷ್ಟು ಕಟ್ಟುತ್ತದೆ. ಆದುದರಿಂದ ಎರಡರ ನಡುವೆ ಉಪ್ಪುನೀರಿನ ದ್ರಾವಣದಿಂದ ನಾಳವನ್ನು ತೊಳೆಯಬೇಕಾಗುತ್ತದೆ.

ಪ್ರಯೋಗಕ್ಕೆ ಬಂದ ಸಸ್ಯಗಳು

ಈ ದೋಷಗಳೇ ಸಂಶೋಧಕರನ್ನು ಸಸ್ಯಗಳ ಕಡೆಗೆ ತಿರುಗಿಸಿದವು. ನೆಲ್ಲಿಕಾಯಿ, ಅಳಲೆಕಾಯಿ, ತಾರೆಕಾಯಿಗಳಿಂದಾದ ತ್ರಿಫಲಾ ಇವುಗಳಲ್ಲಿ ಪ್ರಮುಖ. ಅದರಲ್ಲಿರುವ ಒಗರು ಪದಾರ್ಥಗಳು ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುತ್ತವೆ. ಹಣ್ಣಿನ ಹುಳಿ ಗೋಡೆಗೆ ಮೆತ್ತಿದ ಹುಡಿಯನ್ನು ಸಡಿಲಿಸಲು ನೆರವಾಗಬಹುದೆಂಬ ನಿರೀಕ್ಷೆಯೂ ಇದೆ. 2010ರಲ್ಲಿ ಭಾರತದ ಸಂಶೋಧಕರು ತ್ರಿಫಲಾ, ಹಸಿರು ಚಹಾದ ಸಾರ, ಎಂಟಾಡ್ ಎಂಬ ಸಿದ್ಧ ಮಿಶ್ರಣ ಮತ್ತು ಶೇ. 5ರ ಹೈಪೋಕ್ಲೋರೈಟ್ ಇವುಗಳನ್ನು ಕಿತ್ತ ಹಲ್ಲುಗಳ ಮೇಲೆ ಹೋಲಿಸಿ ನೋಡಿದರು. ಮೇಲೆ ಹೇಳಿದ ಎಂಟರೋಕಾಕಸ್‌ನ ಪದರವನ್ನು ಹಲ್ಲಿನ ಮೇಲೆ ಬೆಳೆಸಿ ಪರೀಕ್ಷಿಸಲಾಯಿತು. ತ್ರಿಫಲಾ ಮತ್ತು ಹಸಿರು ಚಹಾ ಎರಡೂ ಗಮನಾರ್ಹ ಪರಿಣಾಮ ತೋರಿದವು. ಆದರೆ ಮೊದಲ ಸ್ಥಾನ ಹೈಪೋಕ್ಲೋರೈಟ್‌ಗೇ ಉಳಿಯಿತು.

2008ರಲ್ಲಿ ಅಮೆರಿಕದ ಸಂಶೋಧಕರು ನೋನಿ ಹಣ್ಣಿನ ರಸವನ್ನು ಕಿತ್ತ ಹಲ್ಲುಗಳಲ್ಲಿ ಪರೀಕ್ಷಿಸಿದರು. ಹುಡಿಯ ಪದರ ತೆಗೆಯುವುದರಲ್ಲಿ ಅದು ಹೈಪೋಕ್ಲೋರೈಟ್‌ಗೆ ಸರಿಸಮನಾಗಿ ಕೆಲಸ ಮಾಡಿತು. ಆದರೆ ಎರಡರ ಬಳಿಕವೂ ಈಡಿಟಿಎ ಎಂಬ ರಾಸಾಯನಿಕದಿಂದ ತೊಳೆಯಲಾಗಿತ್ತು ಎಂಬುದನ್ನು ಗಮನಿಸಬೇಕು. ಅಂದರೆ ನೋನಿ ಒಂಟಿಯಾಗಿ ಗೆದ್ದದ್ದಲ್ಲ.

ಇವಲ್ಲದೆ ಕಹಿಬೇವು, ಲೋಳೆಸರ, ಅರಿಶಿಣದ ಸಾರ, ಜೇನುಹುಳುಗಳು ಗೂಡಿನ ಬಿರುಕು ಮುಚ್ಚಲು ಬಳಸುವ ಪ್ರೋಪೊಲಿಸ್ ಎಂಬ ಅಂಟು, ಗಲ್ಫ್‌ನಲ್ಲಿ ದುಡಿದು ಬಂದವರಿಗೆ ಪರಿಚಿತವಾದ ಮಿಸ್ವಾಕ್ ಕಡ್ಡಿಯ ಸಾರ ಇವೆಲ್ಲವೂ ಪರೀಕ್ಷೆಗೆ ಒಳಗಾಗಿವೆ. ಮಕ್ಕಳ ಬಾಯಿಯಲ್ಲಿಯೇ ನಡೆದ ಕೆಲವು ಸಣ್ಣ ಅಧ್ಯಯನಗಳೂ ಇವೆ. ಹಾಲುಹಲ್ಲಿನ ನಾಳವನ್ನು ತೊಳೆಯುವ ಮೊದಲು ಮತ್ತು ತೊಳೆದ ಬಳಿಕ ಬ್ಯಾಕ್ಟೀರಿಯಾಗಳನ್ನು ಎಣಿಸಿದಾಗ ಸಸ್ಯಸಾರದಿಂದಲೂ ಸಂಖ್ಯೆ ಚೆನ್ನಾಗಿ ಇಳಿದದ್ದು ಕಂಡುಬಂದಿದೆ. ಆಶಾದಾಯಕ ಸುದ್ದಿ ಇದು.

ಗಾಜಿನ ತಟ್ಟೆಯಿಂದ ಮಗುವಿನ ಬಾಯಿಗೆ

ಹಾಗಾದರೆ ನಾಳೆಯಿಂದಲೇ ಹೈಪೋಕ್ಲೋರೈಟ್ ಬಿಟ್ಟು ತ್ರಿಫಲಾ ಹಿಡಿಯಬಹುದಲ್ಲವೇ? ಇಷ್ಟು ಬೇಗ ಆ ತೀರ್ಮಾನಕ್ಕೆ ಬರಲಾಗದು. ಕಾರಣಗಳು ಹಲವು.

ಮೊದಲನೆಯದು, ಹೆಚ್ಚಿನ ಪ್ರಯೋಗಗಳು ನಡೆದದ್ದು ಗಾಜಿನ ತಟ್ಟೆಯಲ್ಲಿ ಅಥವಾ ಕಿತ್ತ ಹಲ್ಲಿನಲ್ಲಿ. ಅಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಬ್ಯಾಕ್ಟೀರಿಯಾ ಇರುತ್ತದೆ. ಮಗುವಿನ ಹಲ್ಲಿನಲ್ಲಿ ಹಲವು ಜಾತಿಗಳ ಸಂತೆಯೇ ನೆರೆದಿರುತ್ತದೆ. ರಕ್ತ, ಕೀವು, ಎಂಜಲು ಎಲ್ಲವೂ ಸೇರಿ ಮದ್ದಿನ ಬಲವನ್ನು ಕುಗ್ಗಿಸುತ್ತವೆ.

ಎರಡನೆಯದು, ಕೊಳೆತ ಮಜ್ಜೆಯನ್ನು ಕರಗಿಸುವ ಕೆಲಸದಲ್ಲಿ ಹೈಪೋಕ್ಲೋರೈಟ್‌ನ ಜಾಗವನ್ನು ತುಂಬುವ ಸಸ್ಯಸಾರ ಇನ್ನೂ ದೃಢಪಟ್ಟಿಲ್ಲ. ಬ್ಯಾಕ್ಟೀರಿಯಾ ಸತ್ತರೂ ಅವುಗಳಿಗೆ ಆಹಾರವಾಗುವ ಕೊಳೆತ ಪದಾರ್ಥ ಮೂಲೆಯಲ್ಲಿ ಉಳಿದರೆ ಸೋಂಕು ಮತ್ತೆ ಚಿಗುರುತ್ತದೆ.

ಮೂರನೆಯದು, ಗಿಡದ ಗುಣ ಎಲ್ಲೆಡೆ ಒಂದೇ ಅಲ್ಲ. ಮಣ್ಣು, ಋತು, ಕೊಯ್ಲಿನ ಹೊತ್ತು, ಒಣಗಿಸಿದ ರೀತಿ, ಸಾರ ತೆಗೆದ ಬಗೆ ಇವುಗಳಿಗೆ ತಕ್ಕಂತೆ ಅದರ ಬಲ ಬದಲಾಗುತ್ತದೆ. ಶೇ. 1ರ ಹೈಪೋಕ್ಲೋರೈಟ್ ಎಂದರೆ ಮಂಗಳೂರಿನಲ್ಲೂ ಕಾರವಾರದಲ್ಲೂ ಒಂದೇ. ಒಂದು ಚಮಚ ಬೇವಿನ ಕಷಾಯ ಎಂದರೆ ಎರಡು ಮನೆಗಳಲ್ಲಿ ಎರಡು ಬಗೆ. ಕಷಾಯ ಎರಡು ದಿನ ಇಟ್ಟರೆ ಅದರಲ್ಲೇ ಬೂಷ್ಟು ಬರುತ್ತದೆ.

ನಾಲ್ಕನೆಯದು, ಚಹಾ, ಅರಿಶಿಣ, ತ್ರಿಫಲಾಗಳು ಬಣ್ಣ ಬಿಡುವ ಪದಾರ್ಥಗಳು, ಹಲ್ಲಿಗೆ ಕಲೆ ಹಿಡಿಯಬಹುದು. ಪ್ರೋಪೊಲಿಸ್ ಕೆಲವರಿಗೆ ಅಲರ್ಜಿ ತರುತ್ತದೆ.

ಐದನೆಯದು ಎಲ್ಲಕ್ಕಿಂತ ಮುಖ್ಯ. ಬ್ಯಾಕ್ಟೀರಿಯಾದ ಎಣಿಕೆ ಇಳಿಯುವುದೇ ಚಿಕಿತ್ಸೆಯ ಗೆಲುವಲ್ಲ. ಒಂದೆರಡು ವರ್ಷದ ಬಳಿಕವೂ ನೋವಿಲ್ಲದೆ, ಒಸಡಿನಲ್ಲಿ ಕೀವಿನ ಗುಳ್ಳೆ ಏಳದೆ, ಹಲ್ಲು ಅಲ್ಲಾಡದೆ ಉಳಿದಿದೆಯೇ ಎಂಬುದು ಗೆಲುವಿನ ಅಳತೆ. ಹೆಚ್ಚು ಮಕ್ಕಳನ್ನು ಹೆಚ್ಚು ಕಾಲ ಗಮನಿಸಿದ ಅಧ್ಯಯನಗಳಿಂದ ಮಾತ್ರ ಇದು ತಿಳಿಯುವುದು. ಅಂಥ ಬಲವಾದ ಆಧಾರ ಸಸ್ಯಸಾರಗಳಿಗೆ ಇನ್ನೂ ಒದಗಬೇಕಾಗಿದೆ.

ಸಹಜವಾದುದೆಲ್ಲ ಸುರಕ್ಷಿತವಲ್ಲ

ಸಹಜ ಮತ್ತು ರಾಸಾಯನಿಕ ಎಂದು ನಾವು ಎಳೆಯುವ ಗೆರೆ ಅಷ್ಟೊಂದು ನೇರವಾದುದಲ್ಲ. ಹೈಪೋಕ್ಲೋರೈಟನ್ನು ಉಪ್ಪುನೀರಿನಲ್ಲಿ ವಿದ್ಯುತ್ ಹಾಯಿಸಿ ತಯಾರಿಸಬಹುದು. ನಮ್ಮ ದೇಹದ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ತಾವಾಗಿಯೇ ಹೈಪೋಕ್ಲೋರಸ್ ಆಮ್ಲವನ್ನು ಉತ್ಪಾದಿಸುತ್ತವೆ. ಇತ್ತ ತ್ರಿಫಲಾದ ಆ 2010ರ ಪ್ರಯೋಗದಲ್ಲಿ ಹುಡಿಯನ್ನು ಕರಗಿಸಲು ಬಳಸಿದ್ದು ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ರಾಸಾಯನಿಕ ದ್ರಾವಕವನ್ನು.

ಸಸ್ಯಮೂಲದ ಮದ್ದುಗಳನ್ನು ದಂತವೈದ್ಯರು ದೂರ ಇಟ್ಟಿದ್ದಾರೆ ಎಂಬುದೂ ಸರಿಯಲ್ಲ. ಹಾಲುಹಲ್ಲಿನ ನಾಳವನ್ನು ತುಂಬಲು ಬಹುಕಾಲದಿಂದ ಬಳಸುವ ಒಂದು ಮಿಶ್ರಣ ಸತುವಿನ ಆಕ್ಸೈಡ್ ಮತ್ತು ಯೂಜಿನಾಲ್‌ನಿಂದ ಆದದ್ದು. ಯೂಜಿನಾಲ್ ಎಂದರೆ ಲವಂಗದ ಎಣ್ಣೆಯ ಮುಖ್ಯ ಅಂಶ. ದೊಡ್ಡವರ ನಾಳಕ್ಕೆ ತುಂಬುವ ಗಟ್ಟಾಪರ್ಚ ಮಲಯ ನಾಡಿನ ಮರದ ಹಾಲಿನಿಂದ ಬಂದದ್ದು. ಅವು ಸಹಜ ಎಂಬ ಕಾರಣಕ್ಕೆ ಅಲ್ಲಿ ಜಾಗ ಪಡೆದದ್ದಲ್ಲ. ಪರೀಕ್ಷೆಯಲ್ಲಿ ಗೆದ್ದು, ಅಳತೆ ನಿಗದಿಯಾಗಿ, ತಕ್ಕ ಕೆಲಸಕ್ಕೆ ನಿಂತವು. ಹಾಲುಹಲ್ಲಿಗೆ ಗಟ್ಟಾಪರ್ಚ ಬಳಸುವುದಿಲ್ಲ, ಏಕೆಂದರೆ ಬೇರು ಕರಗುವಾಗ ಅದು ಜೊತೆಗೆ ಕರಗದು.

ಇದೇ ಲವಂಗದ ಎಣ್ಣೆಯನ್ನು ಮನೆಯಲ್ಲಿ ಹತ್ತಿಗೆ ಅದ್ದಿ ಮಗುವಿನ ಹುಳುಕಿಗೆ ತುರುಕಿದರೆ ಒಸಡು ಸುಡಬಹುದು. ಚಿಕ್ಕ ಮಗು ಅದನ್ನು ನುಂಗಿದರೆ ಯಕೃತ್ತಿಗೇ ಅಪಾಯ. ಕರ್ಪೂರವಂತೂ ಮಕ್ಕಳಿಗೆ ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಅಪಸ್ಮಾರ ಬರಬಹುದು. ನೋವು ತಾತ್ಕಾಲಿಕವಾಗಿ ಕಡಿಮೆಯಾದರೂ ಒಳಗಿನ ಕೊಳೆತ ಹೋಗುವುದಿಲ್ಲ. ನೋವಿಲ್ಲವೆಂದು ಹೆತ್ತವರು ಸುಮ್ಮನಾಗುತ್ತಾರೆ, ಅಷ್ಟರಲ್ಲಿ ಸೋಂಕು ಬೇರಿನ ತುದಿ ಸೇರಿರುತ್ತದೆ. ಪ್ರಯೋಗಾಲಯದ ಬೇವಿನ ಸಾರದ ಸುದ್ದಿ ಓದಿ ಮನೆಯಲ್ಲಿ ಬೇವಿನ ಕಷಾಯವನ್ನು ಹಲ್ಲಿನ ತೂತಿಗೆ ಹೊಯ್ಯುವುದು ಅದೇ ಬಗೆಯ ತಪ್ಪು. ಮುಚ್ಚಿದ ನಾಳಕ್ಕೆ ಅದು ಇಳಿಯುವುದೂ ಇಲ್ಲ.

ಬದಲಾವಣೆ ಬರುವ ರೀತಿ

ಹಾಗೆಂದು ಇಂದಿನ ರಾಸಾಯನಿಕಗಳೇ ಎಂದೆಂದಿಗೂ ಇರಬೇಕೆಂದಿಲ್ಲ. ಮಕ್ಕಳ ಹಲ್ಲಿನ ಮಜ್ಜೆಗೆ ಫಾರ್ಮೋಕ್ರೆಸಾಲ್ ಎಂಬ ಮದ್ದನ್ನು 1904ರ ಸುಮಾರಿನಿಂದ ಬಳಸುತ್ತಾ ಬಂದರು. ಅದರಲ್ಲಿ ಫಾರ್ಮಾಲ್ಡಿಹೈಡ್ ಇದೆ. 2004ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಸಾಲಿಗೆ ಸೇರಿಸಿತು. ಹಲ್ಲಿನಲ್ಲಿ ಇಡುವ ಪ್ರಮಾಣ ಅತ್ಯಲ್ಪವಾದರೂ, ಮಕ್ಕಳ ವಿಷಯದಲ್ಲಿ ಎಚ್ಚರ ಲೇಸು ಎಂದು ಅನೇಕ ವೈದ್ಯರು ಬೇರೆ ಮದ್ದಿನತ್ತ ತಿರುಗಿದರು. 1990ರ ದಶಕದಲ್ಲಿ ಬಂದ ಎಂಟಿಎ ಎಂಬ ಸಿಮೆಂಟು ಒಳ್ಳೆಯ ಫಲ ತೋರಿದ್ದರಿಂದ ಆ ಜಾಗ ಪಡೆಯಿತು. ನೆನಪಿಡಿ, ಫಾರ್ಮೋಕ್ರೆಸಾಲನ್ನು ಬದಿಗೆ ಸರಿಸಿದ್ದು ರಾಸಾಯನಿಕ ಎಂಬ ಹೆಸರಲ್ಲ, ಆಧಾರ. ಅದರ ಜಾಗಕ್ಕೆ ಬಂದದ್ದು ಗಿಡಮೂಲಿಕೆಯೂ ಅಲ್ಲ, ಇನ್ನಷ್ಟು ಚೆನ್ನಾಗಿ ಪರೀಕ್ಷೆಗೊಂಡ ಮತ್ತೊಂದು ಮದ್ದು. ನಾಳೆ ತ್ರಿಫಲಾ ಅಥವಾ ಹಸಿರು ಚಹಾ ಅದೇ ಪರೀಕ್ಷೆಯಲ್ಲಿ ಗೆದ್ದರೆ ಅದನ್ನೂ ಸ್ವಾಗತಿಸೋಣ.

ಹೆತ್ತವರು ಮಾಡಬೇಕಾದುದು

ವೈದ್ಯರಲ್ಲಿ ಪ್ರಶ್ನೆ ಕೇಳಲು ಸಂಕೋಚ ಬೇಡ. ನಾಳ ತೊಳೆಯಲು ಯಾವ ದ್ರವ ಬಳಸುತ್ತೀರಿ? ಎಷ್ಟು ಗಾಢತೆಯದು? ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತೀರಾ? ಈ ಹಾಳೆ ದ್ರವ ಗಂಟಲಿಗೆ ಇಳಿಯದಂತೆ ತಡೆಯುತ್ತದೆ, ಎಂಜಲು ನಾಳಕ್ಕೆ ಹೋಗದಂತೆಯೂ ಕಾಯುತ್ತದೆ. ಬದಿಯಲ್ಲಿ ತೂತಿರುವ ಸೂಜಿಯಿಂದ, ಒತ್ತಡ ಹಾಕದೆ, ನಿಧಾನವಾಗಿ ತೊಳೆದರೆ ದ್ರವ ತುದಿ ದಾಟುವ ಅಪಾಯ ಬಹಳಷ್ಟು ಕಡಿಮೆಯಾಗುತ್ತದೆ. ಮಗುವಿಗೆ ಯಾವುದಾದರೂ ಅಲರ್ಜಿ ಇದ್ದರೆ ಮೊದಲೇ ತಿಳಿಸಿ. ಮಗುವಿಗೆ ಹೈಪೋಕ್ಲೋರೈಟ್ ಹೊಂದದು ಎನಿಸಿದರೆ ವೈದ್ಯರೇ ಬೇರೆ ದ್ರವ ಆರಿಸಬಲ್ಲರು. ಚಿಕಿತ್ಸೆಯ ಬಳಿಕ ಹಲ್ಲಿಗೆ ಉಕ್ಕಿನ ಟೋಪಿ ಹಾಕಿಸುವುದನ್ನು, ಹೇಳಿದ ದಿನ ಮತ್ತೆ ತೋರಿಸುವುದನ್ನು ತಪ್ಪಿಸಬೇಡಿ. ಮಣಿಪಾಲ, ಮಂಗಳೂರು, ದೇರಳಕಟ್ಟೆಗಳ ದಂತವೈದ್ಯ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೆಂದೇ ಪ್ರತ್ಯೇಕ ವಿಭಾಗಗಳಿವೆ. ಕರಾವಳಿಯ ನಮಗೆ ಇದು ದೊಡ್ಡ ಅನುಕೂಲ.

ಧರ್ಮಕೇಂದ್ರಗಳಲ್ಲಿ, ಶಾಲೆಗಳಲ್ಲಿ ದಂತ ತಪಾಸಣಾ ಶಿಬಿರ ನಡೆಸುವ ಕಾರ್ಯಕರ್ತರಿಗೆ ಒಂದು ಮಾತು. ಎಷ್ಟು ಮಕ್ಕಳನ್ನು ಪರೀಕ್ಷಿಸಿದೆವು ಎಂಬ ಲೆಕ್ಕಕ್ಕಿಂತ, ಹುಳುಕು ಕಂಡ ಮಕ್ಕಳಲ್ಲಿ ಎಷ್ಟು ಮಂದಿ ಚಿಕಿತ್ಸೆ ಪಡೆದರು ಎಂಬ ಲೆಕ್ಕ ಇಡಿ. ಬಸ್ಸಿನ ಖರ್ಚಿಗೆ, ಒಂದು ದಿನದ ಕೂಲಿಗೆ ಹೆದರಿ ಹಿಂದೆ ಸರಿಯುವ ಮನೆಗಳು ನಮ್ಮಲ್ಲಿ ಕಡಿಮೆಯಲ್ಲ. ಅವರ ಜೊತೆ ಒಬ್ಬರು ಆಸ್ಪತ್ರೆಯ ತನಕ ಹೋದರೆ ಅದೇ ದೊಡ್ಡ ಸಹಾಯ.

ಎಲ್ಲಕ್ಕಿಂತ ಒಳ್ಳೆಯ ಪರ್ಯಾಯವೆಂದರೆ ರೂಟ್ ಕೆನಾಲ್ ಬೇಕಾಗದಂತೆ ನೋಡಿಕೊಳ್ಳುವುದು. ಮಗುವನ್ನು ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ. ಸಿಹಿಯನ್ನು ಊಟದ ಹೊತ್ತಿಗೆ ಕೊಡಿ, ದಿನವಿಡೀ ಮೆಲ್ಲುವ ಅಭ್ಯಾಸ ಬೇಡ. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಬಾರಿ ನೀವೇ ಉಜ್ಜಿಸಿ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್ ಸಾಕು. ಮೊದಲ ಹುಟ್ಟುಹಬ್ಬದ ಒಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ.

ಹಿತ್ತಲ ಗಿಡ ಮದ್ದಾದೀತೇ ಎಂಬ ಪ್ರಶ್ನೆಗೆ ಇಂದಿನ ಉತ್ತರ ಇಷ್ಟು: ಆಗಬಹುದು, ಆದರೆ ಪರೀಕ್ಷೆ ಮುಗಿದಿಲ್ಲ. ಆ ಪರೀಕ್ಷೆಯನ್ನು ಮಾಡಬೇಕಾದವರು ಸಂಶೋಧಕರು, ನಮ್ಮ ಮಕ್ಕಳ ಬಾಯಿಯಲ್ಲಿ ನಾವಲ್ಲ. ನಿಮ್ಮ ಮಗುವಿನ ಹಲ್ಲಿನಲ್ಲಿ ಕಪ್ಪು ಚುಕ್ಕೆ ಕಂಡರೆ ಗಿಡ ಹುಡುಕುತ್ತಾ ಕಾಲ ಕಳೆಯಬೇಡಿ. ಈ ವಾರವೇ ಒಮ್ಮೆ ವೈದ್ಯರಿಗೆ ತೋರಿಸಿ ಬನ್ನಿ.